ಮೌಸ್ ಕೆಳಗಿಡಿ, ಮಾತು ಶುರು ಮಾಡಿ

ಯಾವ ಫೋಟೊವನ್ನೂ ತೆರೆಯಬೇಡಿ. ಜಿಂಪ್ ಎಂಬ ತಂತ್ರಾಂಶವನ್ನಷ್ಟೇ ತೆರೆಯಿರಿ. ಫಿಲ್ಟರ್ಸ್ ಮೆನುವಿನಲ್ಲಿ ಮಸುಕು ಮಾಡುವುದು, ಚೂಪು ಮಾಡುವುದು, ನೆರಳು ಬೀಳಿಸುವುದು ಎಲ್ಲವನ್ನೂ ದಾಟಿ ಕೆಳಕ್ಕಿಳಿದರೆ ಸಾಮಾನ್ಯವಾಗಿ ಯಾರೂ ಒತ್ತದ ಒಂದು ಹೆಸರಿದೆ: ಸ್ಕ್ರಿಪ್ಟ್-ಫು. ಹೊಸ ಆವೃತ್ತಿಯಲ್ಲಾದರೆ ಅದು ಡೆವಲಪ್‌ಮೆಂಟ್ ಎಂಬ ಒಳಮೆನುವಿನಲ್ಲಿ ಅಡಗಿ ಕೂತಿದೆ. ಅದರೊಳಗಿನ ಕನ್ಸೋಲ್ ತೆರೆಯಿರಿ. ಕಿಟಕಿಯೊಂದು ಬರುತ್ತದೆ, ತಳದಲ್ಲಿ ಟೈಪಿಸಲು ಜಾಗ. ಅಲ್ಲಿ (+ 2 3) ಎಂದು ಬರೆದು ಎಂಟರ್ ಒತ್ತಿ.

5!

ಫೋಟೊ ತಿದ್ದುವ ತಂತ್ರಾಂಶ ಲೆಕ್ಕ ಮಾಡಿ ಉತ್ತರ ಹೇಳಿತು. ಎರಡಕ್ಕೆ ಮೂರು ಕೂಡಿಸಿದರೆ ಐದು, ಅದರಲ್ಲೇನು ಮಹಾ ಎನ್ನಬೇಡಿ, ಸ್ವಲ್ಪ ತಾಳಿ. ಈಗ ಒಂದು ಫೋಟೊ ತೆರೆದು, ಆ ಕೂಡುವ ಚಿಹ್ನೆ ಇದ್ದ ಜಾಗದಲ್ಲಿ ಜಿಂಪ್-ಇಮೇಜ್-ಸ್ಕೇಲ್ ಎಂಬ ಹೆಸರನ್ನು ಕೂರಿಸಿ. 2 ಮತ್ತು 3ರ ಜಾಗದಲ್ಲಿ ಯಾವ ಚಿತ್ರ, ಎಷ್ಟು ಅಗಲ, ಎಷ್ಟು ಎತ್ತರ ಎಂದು ಹೇಳಿ. ಎಂಟರ್ ಒತ್ತಿದ್ದೇ ತಡ, ಚಿತ್ರ ಕುಗ್ಗಿ ಕೂತಿರುತ್ತದೆ! ಮೆನು ಹುಡುಕಲಿಲ್ಲ, ಪೆಟ್ಟಿಗೆ ತೆರೆಯಲಿಲ್ಲ, ಓಕೆ ಗುಂಡಿಯ ಮೇಲೆ ಕ್ಲಿಕ್ ಮಾಡಲಿಲ್ಲ. ಒಂದು ಆವರಣ ಚಿಹ್ನೆ, ಮೊದಲಿಗೆ ಮಾಡಬೇಕಾದ ಕೆಲಸ, ಆಮೇಲೆ ಆ ಕೆಲಸಕ್ಕೆ ಬೇಕಾದ ಸಾಮಗ್ರಿ, ಇನ್ನೊಂದು ಆವರಣ ಚಿಹ್ನೆ. ವ್ಯಾಕರಣ ಇಷ್ಟೇ. (ನಾನಿಲ್ಲಿ ಕನ್ನಡದಲ್ಲಿ ಬರೆದಿರುವ ಈ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ, ಚಿಕ್ಕ ಅಕ್ಷರದಲ್ಲೇ, ನಡುವೆ ಅಡ್ಡಗೆರೆ ಹಾಕಿ ಟೈಪಿಸಬೇಕು.)

ವರ್ಷಾನುಗಟ್ಟಲೆ ರಂಗಸ್ಥಳದ ಮುಂದೆ ಕೂತು ಯಕ್ಷಗಾನ ನೋಡಿದವನನ್ನು ಯಾರೋ ಕೈಹಿಡಿದು ಚೌಕಿಯೊಳಗೆ ಕರೆದುಕೊಂಡು ಹೋದರೆ ಹೇಗಿರುತ್ತದೋ ಹಾಗಿತ್ತು ನನಗೆ. ಮೆನುಗಳೆಂದರೆ ವೇಷ. ಒಳಗಿರುವುದು ಬೇರೆಯೇ!

ಒಳಗೆ ಏನಿದೆ? ಹೆಲ್ಪ್ ಮೆನುವಿನಲ್ಲಿ ಪ್ರೊಸೀಜರ್ ಬ್ರೌಸರ್ ಎಂಬುದನ್ನು ಒತ್ತಿ ನೋಡಿ. ಕನ್ಸೋಲಿನಲ್ಲಿರುವ ಬ್ರೌಸ್ ಗುಂಡಿಯೂ ಅಲ್ಲಿಗೇ ಒಯ್ಯುತ್ತದೆ. ಎಡಗಡೆ ಉದ್ದಕ್ಕೆ ನೂರಾರು ಹೆಸರುಗಳು, ಉರುಳಿಸಿದಷ್ಟೂ ಬರುತ್ತಲೇ ಇವೆ. ಲೇಯರನ್ನು ಸರಿಸುವುದಕ್ಕೊಂದು, ತಿರುಗಿಸುವುದಕ್ಕೊಂದು, ಬಣ್ಣ ತುಂಬುವುದಕ್ಕೊಂದು, ದೀರ್ಘವೃತ್ತದಲ್ಲಿ ಆಯ್ಕೆ ಮಾಡುವುದಕ್ಕೊಂದು, ಫೈಲನ್ನು ಉಳಿಸುವುದಕ್ಕೊಂದು. ಯಾವುದರ ಮೇಲೆ ಒತ್ತಿದರೂ ಬಲಗಡೆ ಅದರ ಜಾತಕವೇ ತೆರೆದುಕೊಳ್ಳುತ್ತದೆ: ಇದು ಏನು ಮಾಡುತ್ತದೆ, ಇದಕ್ಕೆ ಏನೇನು ಕೊಡಬೇಕು, ಯಾವ ಕ್ರಮದಲ್ಲಿ ಕೊಡಬೇಕು, ಇದು ತಿರುಗಿ ನಿಮಗೆ ಏನು ಕೊಡುತ್ತದೆ, ಬರೆದವರು ಯಾರು. ನೀವು ಇಷ್ಟು ದಿನ ಮೌಸ್ ಹಿಡಿದು ಮಾಡಿದ ಎಷ್ಟೋ ಕೆಲಸಗಳಿಗೆ ಇಲ್ಲಿ ಹೀಗೊಂದು ಹೆಸರಿತ್ತು! ಇದನ್ನೆಲ್ಲ ಬೀಗ ಹಾಕಿಟ್ಟಿರಲಿಲ್ಲ, ಬಚ್ಚಿಟ್ಟೂ ಇರಲಿಲ್ಲ. ಹೆಲ್ಪ್ ಮೆನುವಿನಲ್ಲೇ ಇತ್ತು. ಹೆಲ್ಪ್ ಮೆನುವನ್ನು ನಾವು ಯಾರಾದರೂ ತೆರೆದು ನೋಡಿದ್ದರೆ ತಾನೆ!

ಇನ್ನೂ ಸೋಜಿಗದ್ದು ಮುಂದಿದೆ. ಫಿಲ್ಟರ್ಸ್ ಮೆನುವಿನ ಡೆಕೋರ್ ಎಂಬ ಭಾಗದಲ್ಲಿ ಕಾಫಿ ಸ್ಟೇನ್ ಅಂತ ಒಂದಿದೆ. ಅದನ್ನು ಒತ್ತಿದರೆ ನಿಮ್ಮ ಚಿತ್ರದ ಮೇಲೆ ಕಾಫಿ ಲೋಟ ಇಟ್ಟು ಎತ್ತಿದಂಥ ಕಂದು ಕಲೆಗಳು ಬೀಳುತ್ತವೆ. ಎಷ್ಟು ಕಲೆ ಬೇಕು ಎಂದು ಬೇರೆ ಕೇಳುತ್ತದೆ! ಪ್ರತಿ ಸಲವೂ ಬೇರೆ ಜಾಗದಲ್ಲಿ, ಬೇರೆ ಗಾತ್ರದಲ್ಲಿ ಬೀಳುತ್ತವೆ. ಯಾರಿಗೆ ಬೇಕಿತ್ತೋ ಇದು, ನನಗಂತೂ ಗೊತ್ತಿಲ್ಲ. ಆದರೆ ಇದು ತಂತ್ರಾಂಶದ ಹೊಟ್ಟೆಯೊಳಗೆ ಎರಕ ಹೊಯ್ದ ಸೌಲಭ್ಯವಲ್ಲ. ಜಿಂಪ್ ಜೊತೆಗೆ ಬರುವ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ಅದೊಂದು ಸಾದಾ ಪಠ್ಯದ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು! ದೀರ್ಘವೃತ್ತವನ್ನು ಆಯ್ಕೆ ಮಾಡು, ಅದರ ಅಂಚನ್ನು ಒರಟಾಗಿಸು, ಕಾಫಿ ಎಂಬ ಹೆಸರಿನ ಬಣ್ಣದ ಪಟ್ಟಿಯಿಂದ ತುಂಬು, ಕಣ್ಣುಮುಚ್ಚಿ ಎಲ್ಲೋ ಒಂದು ಕಡೆ ಇಡು, ಇಷ್ಟು ಸಲ ಮರುಮಾಡು. ಚಿತ್ರವನ್ನು ಹಳೆಯ ಫೋಟೊದಂತೆ ಕಾಣಿಸುವ ಹಾಗೆ ಮಾಡುವ ಓಲ್ಡ್ ಫೋಟೊ ಫಿಲ್ಟರೂ ಇಂಥದೇ ಒಂದು ಫೈಲು. ಅದನ್ನು ನಕಲು ಮಾಡಿಕೊಂಡು, ಒಂದು ಸಂಖ್ಯೆ ಬದಲಿಸಿ, ಬೇರೆ ಹೆಸರಿಟ್ಟು ಉಳಿಸಿದರೆ ನಿಮ್ಮದೇ ಹಳೆಯ ಫೋಟೊ ಸಿದ್ಧ. ಕಲಿಯಲು ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಇಲ್ಲವೆಂದೇ ನನ್ನ ಅಭಿಪ್ರಾಯ. ಓಡುತ್ತಿರುವ ಕಾರ್ಯಕ್ರಮವೊಂದನ್ನು ಓದುವುದು, ಒಂದು ಅಂಕಿ ಕದಲಿಸುವುದು, ಏನಾಯಿತೆಂದು ನೋಡುವುದು.

ಈ ಆವರಣ ಚಿಹ್ನೆಗಳ ಭಾಷೆ ಇಲ್ಲಿಗೆ ಬಂದದ್ದಾದರೂ ಹೇಗೆ? ಹುಡುಕುತ್ತಾ ಹೋದರೆ ಅದೊಂದು ಕಥೆ, ಕಟ್ಟುಕಥೆಯಾಗಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. 1995. ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ವಿದ್ಯಾರ್ಥಿಗಳು. ಕಂಪೈಲರ್ ತರಗತಿಯ ಪ್ರಾಜೆಕ್ಟಿಗಾಗಿ ಲಿಸ್ಪ್ ಎಂಬ ಭಾಷೆಯಲ್ಲಿ ನಿದ್ದೆಗೆಟ್ಟು ಒದ್ದಾಡುತ್ತಿದ್ದಾರೆ. ಒಂದು ಬೆಳಗಿನ ಜಾವ ಆ ಲಿಸ್ಪ್ ವ್ಯವಸ್ಥೆಗೆ ಸುಮಾರು 17 ಮೆಗಾಬೈಟ್ ಮೆಮೊರಿ ಬೇಕಾಯಿತು, ಸಿಗಲಿಲ್ಲ, ಎಲ್ಲವೂ ಕುಸಿದುಬಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರಂತೆ. ಸಾಕಪ್ಪಾ ಈ ಲಿಸ್ಪ್ ಸಹವಾಸ, ಏನಾದರೂ ಉಪಯೋಗಕ್ಕೆ ಬರುವಂಥದ್ದನ್ನು ಸಿ ಭಾಷೆಯಲ್ಲಿ ಬರೆಯೋಣ ಎಂದು ಹೊರಟರು. ಜಿಂಪ್ ಹುಟ್ಟಿದ್ದು ಹಾಗೆ! ಇದನ್ನು ಅವರೇ ಹೇಳಿಕೊಂಡಿದ್ದಾರೆ.

1996ರಲ್ಲಿ ಅದು ಜನರ ಕೈಗೆ ಬಂತು. ಅದೇ ವರ್ಷ ಲ್ಯಾರಿ ಯೂಯಿಂಗ್ ಎಂಬಾತ ಜಿಂಪ್‌ನ 0.54ನೇ ಆವೃತ್ತಿಯಲ್ಲಿ ಕೂತು ಒಂದು ದಪ್ಪ ಪೆಂಗ್ವಿನ್ ಬಿಡಿಸಿದ. ಇವತ್ತು ಲಿನಕ್ಸ್ ಎಂದ ಕೂಡಲೇ ಕಣ್ಣಿಗೆ ಕಟ್ಟುವ ಟಕ್ಸ್ ಎಂಬ ಆ ಪೆಂಗ್ವಿನ್! ಗುಂಡಿ, ಮೆನು, ಪೆಟ್ಟಿಗೆಗಳನ್ನು ಬಿಡಿಸುವುದಕ್ಕೆ ಆಗ ಇದ್ದ ಸಲಕರಣೆ ಹಿಡಿಸಲಿಲ್ಲವೆಂದು ಮ್ಯಾಟಿಸ್ ತಾನೇ ಹೊಸದೊಂದನ್ನು ಬರೆದ. ಜಿಟಿಕೆ ಎಂಬ ಆ ಸಲಕರಣೆಯ ಮೇಲೆ ಮುಂದೆ ಗ್ನೋಮ್ ಎಂಬ ಇಡೀ ಡೆಸ್ಕ್‌ಟಾಪೇ ಎದ್ದು ನಿಂತಿತು. ಜಿಂಪ್‌ನ ಸ್ವಂತ ಫೈಲುಗಳ ಹೆಸರಿನ ಕೊನೆಗೆ ಬರುವ ಎಕ್ಸ್‌ಸಿಎಫ್ ಎಂಬ ಮೂರಕ್ಷರ ಏನೆಂದುಕೊಂಡಿರಿ? ಆ ಇಬ್ಬರು ಹುಡುಗರು ಇದ್ದ ಬರ್ಕ್‌ಲಿಯ ವಿದ್ಯಾರ್ಥಿ ಕಂಪ್ಯೂಟರ್ ಕೂಟದ ಹೆಸರಿನ ಮೊದಲಕ್ಷರಗಳು. ನೀವು ಜಿಂಪ್‌ನಲ್ಲಿ ಫೋಟೊ ಉಳಿಸಿದಾಗಲೆಲ್ಲ ಆ ಕೂಟದ ಹೆಸರು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಬಂದು ಕೂರುತ್ತಿದೆ.

ಈಗ ಬರುತ್ತದೆ ನೋಡಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿ. ಜಿಂಪ್‌ಗೆ ಸ್ಕ್ರಿಪ್ಟ್ ಬರೆಯುವ ಸೌಲಭ್ಯ ಬೇಕಾದಾಗ ಅದೇ ಕಿಂಬಲ್ ಮತ್ತು ಮ್ಯಾಟಿಸ್ ಯಾವ ಭಾಷೆಯನ್ನು ಆರಿಸಿಕೊಂಡರು ಗೊತ್ತೆ? ಸ್ಕೀಮ್! 1975ರಲ್ಲಿ ಎಂಐಟಿಯಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ರೂಪಿಸಿದ ಸ್ಕೀಮ್. ಅದು ಯಾರ ಮಗು? ಜಾನ್ ಮೆಕಾರ್ಥಿ 1958ರಲ್ಲಿ ಹುಟ್ಟುಹಾಕಿದ ಲಿಸ್ಪ್‌ನದ್ದು! ಯಾವ ಭಾಷೆಗೆ ಬೇಸತ್ತು ಓಡಿಬಂದಿದ್ದರೋ ಅದರ ಕೂಸನ್ನೇ ಮನೆಗೆ ಕರೆತಂದು ಕೂರಿಸಿದರು. ಕಾರಣ ಊಹಿಸುವುದು ಕಷ್ಟವಲ್ಲ. ಸ್ಕೀಮ್‌ನ ವ್ಯಾಕರಣ ಎಷ್ಟು ಚಿಕ್ಕದೆಂದರೆ ಅದನ್ನು ಅರ್ಥಮಾಡಿಕೊಳ್ಳುವ ಯಂತ್ರವನ್ನು ಇನ್ನೊಂದು ತಂತ್ರಾಂಶದ ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸಬಹುದು. ಇವತ್ತು ಜಿಂಪ್‌ನೊಳಗಿರುವ ಯಂತ್ರದ ಹೆಸರೇ ಟೈನಿಸ್ಕೀಮ್, 2007ರ 2.4ನೇ ಆವೃತ್ತಿಯಿಂದ ಅದು ಅಲ್ಲಿದೆ. ಕಂಪ್ಯೂಟರ್ ಲೋಕದಲ್ಲಿ ಇಂದಿಗೂ ಬಳಕೆಯಲ್ಲಿರುವ ಅತಿ ಹಳೆಯ ಭಾಷೆಗಳ ವಂಶವೊಂದರ ಜೊತೆ ಮಾತಾಡುವುದಕ್ಕೆ ನಿಮಗೆ ಬೇಕಾದದ್ದು ಒಂದು ಫೋಟೊ ತಂತ್ರಾಂಶ ಮಾತ್ರ!

ಕಥೆ ಸಾಕು, ಕೆಲಸಕ್ಕೆ ಬರೋಣ. ಜೂನ್ ತಿಂಗಳಲ್ಲಿ ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಫೋಟೊ ಸ್ಟುಡಿಯೊಗೆ ಹೋಗಿ ನಿಂತು ನೋಡಿ. ಶಾಲೆ, ಕಾಲೇಜಿನ ದಾಖಲಾತಿ ಸಮಯ, ಎಲ್ಲರಿಗೂ ಪಾಸ್‌ಪೋರ್ಟ್ ಸೈಜಿನ ಫೋಟೊ ಬೇಕು. ಸ್ಟುಡಿಯೊದವರು ಒಂದು ಮುಖವನ್ನು ಕತ್ತರಿಸುತ್ತಾರೆ, ಅಳತೆಗೆ ತರುತ್ತಾರೆ, ಹೊಸ ಹಾಳೆ ತೆರೆಯುತ್ತಾರೆ, ಅಂಟಿಸುತ್ತಾರೆ, ಎಳೆದು ಜೋಡಿಸುತ್ತಾರೆ, ಮತ್ತೆ ಅಂಟಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಎಂಟು ಸಲ. ಆಮೇಲೆ ಮುಂದಿನ ಗಿರಾಕಿ. ಅವರ ಕೈವೇಗ ನೋಡುವಂಥದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಎಂಟು ಅಂಟಿಸುವಿಕೆಯಲ್ಲಿ ಕಣ್ಣಿಗೆ ಏನು ಕೆಲಸ? ಇಲ್ಲ. ಅಲ್ಲಿರುವುದು ಬರೀ ಲೆಕ್ಕ.

ಲೆಕ್ಕ ಮಾಡೋಣ ಬನ್ನಿ, ಕಾಗದ ಪೆನ್ನು ಬೇಡ, ಕನ್ಸೋಲಿನಲ್ಲೇ ಆಗುತ್ತದೆ. ಫೋಟೊ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ. ಇಂಚಿಗೆ 25.4 ಮಿ.ಮೀ. ಅಂದರೆ 413 ಪಿಕ್ಸೆಲ್ ಅಗಲ, 531 ಪಿಕ್ಸೆಲ್ ಎತ್ತರ. ಕಾಗದ 4×6 ಇಂಚಿನದು, ಅಡ್ಡ ಇಟ್ಟರೆ 1800 ಅಗಲ, 1200 ಎತ್ತರ. ಅಗಲಕ್ಕೆ ನಾಲ್ಕು ಫೋಟೊ ಇಟ್ಟರೆ (* 4 413), ಉತ್ತರ 1652. ಉಳಿಯುವುದು 148. ನಾಲ್ಕು ಫೋಟೊಗಳಿಗೆ ಐದು ಸಂದು, (/ 148 5) ಎಂದರೆ 29.6. ಸಂದು 29 ಎಂದಿಟ್ಟುಕೊಳ್ಳಿ. ಎತ್ತರಕ್ಕೆ ಎರಡು ಸಾಲು, 1062. ಉಳಿಯುವ 138ಕ್ಕೆ ಮೂರು ಸಂದು, ಸರಿಯಾಗಿ 46. ಅಲ್ಲಿಗೆ ಅಡ್ಡಕ್ಕೆ 29, 471, 913, 1355ರಲ್ಲಿ ಒಂದೊಂದು ಫೋಟೊ ಶುರುವಾಗಬೇಕು, ಉದ್ದಕ್ಕೆ 46 ಮತ್ತು 623ರಲ್ಲಿ. ಮುಗಿಯಿತು! ಈ ಆರು ಸಂಖ್ಯೆ ಸಿಕ್ಕಿದ ಮೇಲೆ ಮೌಸಿಗೆ ರಜೆ.

ಇನ್ನು ಸ್ಕ್ರಿಪ್ಟ್ ಎಂದರೆ ಇದೇ ಮಾತನ್ನು ಜಿಂಪ್‌ಗೆ ಅರ್ಥವಾಗುವ ಹೆಸರುಗಳಲ್ಲಿ ಹೇಳುವುದು. ಕತ್ತರಿಸಿದ ಚಿತ್ರವನ್ನು ಜಿಂಪ್-ಇಮೇಜ್-ಸ್ಕೇಲ್‌ನಿಂದ 413ಕ್ಕೆ 531 ಮಾಡು. ಜಿಂಪ್-ಇಮೇಜ್-ನ್ಯೂನಿಂದ 1800ಕ್ಕೆ 1200ರ ಹೊಸ ಹಾಳೆ ತೆರೆದು ಬಿಳಿ ತುಂಬು. ಮೂಲದಿಂದ ಹೊಸ ಲೇಯರ್ ಎತ್ತಿಕೋ, ಹಾಳೆಯಲ್ಲಿ ಸೇರಿಸು, ಜಿಂಪ್-ಲೇಯರ್-ಸೆಟ್-ಆಫ್‌ಸೆಟ್ಸ್‌ನಿಂದ ಅದರ ಜಾಗಕ್ಕೆ ಕೂರಿಸು. ಈ ಕೊನೆಯ ಮೂರನ್ನು ಒಂದು ಸುತ್ತಿನೊಳಗೆ ಹಾಕು, ಆ ಸುತ್ತನ್ನು ಇನ್ನೊಂದು ಸುತ್ತಿನೊಳಗೆ ಹಾಕು, ಒಳಗಿನದು ನಾಲ್ಕು ಸಲ, ಹೊರಗಿನದು ಎರಡು ಸಲ. ಕಡೆಗೆ ಎಲ್ಲ ಲೇಯರನ್ನೂ ಒಂದು ಮಾಡಿ ಉಳಿಸು. ಬರೆದ ಸಾಲುಗಳು ಒಂದು ಪುಟ ದಾಟುವುದಿಲ್ಲ. ಓಡಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಎಂಟು ಮುಖಗಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ!

ಆಮೇಲೆ ಒಂದು ಹುಚ್ಚು ಹತ್ತಿಕೊಂಡಿತು. ಕಾಗದ ಎ4 ಆದರೆ? 300 ಚುಕ್ಕಿಯ ಲೆಕ್ಕದಲ್ಲಿ ಎ4 ಹಾಳೆ 2480 ಅಗಲ, 3508 ಎತ್ತರ. ಅದೇ ಸಂದುಗಳನ್ನಿಟ್ಟರೆ ಅಗಲಕ್ಕೆ ಐದು ಹಿಡಿಯುತ್ತವೆ. ಎತ್ತರಕ್ಕೆ? ಮೇಲೆ 46 ಬಿಟ್ಟು, ಒಂದು ಫೋಟೊ ಮತ್ತದರ ಕೆಳಗಿನ ಸಂದು ಸೇರಿ 577, ಅಂಥವು ಆರು. (+ 46 (* 6 577)) ಎಂದು ಬರೆದು ನೋಡಿ. 3508! ಒಂದು ಪಿಕ್ಸೆಲ್ ಹೆಚ್ಚಿಲ್ಲ, ಒಂದು ಪಿಕ್ಸೆಲ್ ಕಡಿಮೆಯಿಲ್ಲ. 4×6 ಇಂಚಿನ ಕಾಗದಕ್ಕೆಂದು ಹುಡುಕಿದ ಸಂದು ಎ4 ಹಾಳೆಗೆ ಹೇಳಿ ಮಾಡಿಸಿದಂತೆ ಕೂತುಬಿಟ್ಟಿತು. ಇದು ಶುದ್ಧ ಕಾಕತಾಳೀಯ, ನನಗೂ ಗೊತ್ತು; ಆದರೂ ಸ್ಕ್ರಿಪ್ಟಿನಲ್ಲಿ ನಾಲ್ಕು ಅಂಕಿ ಬದಲಿಸಿ 30 ಫೋಟೊಗಳ ಹಾಳೆ ಮೂಡಿದಾಗ ಚಪ್ಪಾಳೆ ತಟ್ಟದೆ ಇರಲಾಗಲಿಲ್ಲ.

ಒಂದು ಕೆಲಸವನ್ನು ಮಾತ್ರ ನಾನು ಸ್ಕ್ರಿಪ್ಟಿಗೆ ಬಿಡುವುದಿಲ್ಲ. ಮುಖವನ್ನು ಎಲ್ಲಿ ಕತ್ತರಿಸಬೇಕು, ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು, ಮಗು ಕತ್ತು ವಾಲಿಸಿದ್ದರೆ ಎಷ್ಟು ತಿರುಗಿಸಬೇಕು ಎಂಬುದು ನೋಡುವ ಕೆಲಸ, ಅದು ಸ್ಟುಡಿಯೊದವರ ಕಣ್ಣಿನ ಕಸುಬು. ಉಳಿದ ಎಳೆದಾಟ, ಅಂಟಿಸಾಟವೆಲ್ಲ ಯಂತ್ರಕ್ಕೆ. ಸ್ಕ್ರಿಪ್ಟ್ ಬರೆಯಲು ಹೊರಟವರಲ್ಲಿ ಬಹುಪಾಲು ಜನ ಎಡವುವುದು ಈ ಗೆರೆಯನ್ನು ಎಳೆದುಕೊಳ್ಳದೆ ಎಲ್ಲವನ್ನೂ ಒಟ್ಟಿಗೆ ಯಂತ್ರದ ತಲೆಗೆ ಕಟ್ಟಲು ಹೋಗಿ ಎಂದು ನನ್ನ ಗುಮಾನಿ.

ಫೋಟೊಶಾಪ್ ಬಳಸುವವರು ಇಷ್ಟು ಹೊತ್ತಿಗೆ ನಗುತ್ತಿರಬಹುದು: ನಮ್ಮಲ್ಲಿ ಆಕ್ಷನ್ಸ್ ಇದೆಯಲ್ಲ! ಇದೆ, 1996ರ 4ನೇ ಆವೃತ್ತಿಯಿಂದ ಇದೆ, ಮತ್ತು ಅದು ಅದ್ಭುತವೇ. ರೆಕಾರ್ಡ್ ಒತ್ತಿ, ಕೆಲಸ ಮಾಡಿ, ನಿಲ್ಲಿಸಿ, ಮತ್ತೆ ಪ್ಲೇ ಒತ್ತಿದರೆ ಅದೇ ಕೆಲಸ ಮರುಕಳಿಸುತ್ತದೆ. ಜಿಂಪ್‌ನಲ್ಲಿ ಇಂಥ ರೆಕಾರ್ಡಿಂಗ್ ಇಲ್ಲ, ಅದು ನಿಜವಾದ ಕೊರತೆ. ಆದರೆ ರೆಕಾರ್ಡ್ ಮಾಡಿದ್ದು ಮಾಡಿದ್ದನ್ನೇ ಮಾಡುತ್ತದೆ. ಒಂದೊಂದು ಫೋಟೊಗೆ ಒಂದೊಂದು ಲೆಕ್ಕ ಎಂದ ಕೂಡಲೇ ಅದಕ್ಕೆ ತಬ್ಬಿಬ್ಬು. ಫೈಲಿನ ಹೆಸರಿನಲ್ಲಿ ಇಂಥ ಪದ ಇದ್ದರೆ ಬಿಟ್ಟುಬಿಡು ಎಂದು ನಿಸ್ಸಂಕೋಚವಾಗಿ ಹೇಳಲು ಬರವಣಿಗೆಯೇ ಬೇಕು. ಫೋಟೊಶಾಪ್‌ನಲ್ಲೂ ಅದಕ್ಕೆ ದಾರಿಯಿದೆ. ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಎಂಬಲ್ಲಿ ಜಾವಾಸ್ಕ್ರಿಪ್ಟ್ ಫೈಲುಗಳನ್ನು ಓಡಿಸಬಹುದು. ಅಲ್ಲೇ ಇರುವ ಇಮೇಜ್ ಪ್ರೊಸೆಸರ್ ಕೂಡ ಅಂಥದೇ ಒಂದು ಸ್ಕ್ರಿಪ್ಟು. ಒಂದು ಸಾಲನ್ನೂ ಬರೆಯದೆ ಇಡೀ ಫೋಲ್ಡರಿನ ಚಿತ್ರಗಳ ಗಾತ್ರ ಇಳಿಸಲು ಇವತ್ತೇ ಅದನ್ನು ಬಳಸಬಹುದು.

ಜಿಂಪ್‌ನ ಸ್ಕ್ರಿಪ್ಟುಗಳನ್ನು ಓದುತ್ತಾ ಹೋದಂತೆ ಒಂದು ಸೌಜನ್ಯ ಕಣ್ಣಿಗೆ ಬಿತ್ತು, ಅದನ್ನು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಒಳ್ಳೆಯ ಸ್ಕ್ರಿಪ್ಟುಗಳೆಲ್ಲ ಶುರುವಿನಲ್ಲಿ ಎರಡು ಸಾಲು, ಕೊನೆಯಲ್ಲಿ ಎರಡು ಸಾಲು ಇಟ್ಟುಕೊಂಡಿರುತ್ತವೆ. ಮೊದಲ ಜೋಡಿ ಜಿಂಪ್-ಕಾಂಟೆಕ್ಸ್ಟ್-ಪುಷ್ ಮತ್ತು ಪಾಪ್: ನೀವು ಆರಿಸಿಟ್ಟುಕೊಂಡಿದ್ದ ಬಣ್ಣ, ಬ್ರಶ್ ಎಲ್ಲವನ್ನೂ ಎತ್ತಿಟ್ಟು, ತನ್ನ ಕೆಲಸ ಮುಗಿಸಿ, ಇದ್ದದ್ದು ಇದ್ದ ಹಾಗೆ ಹಿಂದಿರುಗಿಸುವುದು. ಇನ್ನೊಂದು ಜೋಡಿ ಜಿಂಪ್-ಇಮೇಜ್-ಅನ್‌ಡು-ಗ್ರೂಪ್-ಸ್ಟಾರ್ಟ್ ಮತ್ತು ಎಂಡ್. ಸ್ಕ್ರಿಪ್ಟು ಒಳಗೊಳಗೇ ನೂರು ಕೆಲಸ ಮಾಡಿದ್ದರೂ ನಿಮಗೆ ಇಷ್ಟವಾಗದಿದ್ದರೆ ಕಂಟ್ರೋಲ್ ಝಡ್ ಒಂದೇ ಸಲ ಒತ್ತಿದರೆ ಸಾಕು, ನೂರೂ ವಾಪಸ್! ಬೇರೆಯವರ ಮನೆಗೆ ಹೋಗಿ ಅಡುಗೆ ಮಾಡಿದವರು ಪಾತ್ರೆ ತೊಳೆದಿಟ್ಟು ಬರುವುದು ಎಂದರೆ ಇದೇ ಅಲ್ಲವೆ.

ನಿಮ್ಮ ಸ್ಕ್ರಿಪ್ಟಿಗೂ ಜಿಂಪ್ ಅಷ್ಟೇ ಮರ್ಯಾದೆ ಕೊಡುತ್ತದೆ. ಕೊನೆಯಲ್ಲಿ ನೋಂದಣಿಯ ನಾಲ್ಕಾರು ಸಾಲು ಬರೆಯಬೇಕು: ಹೆಸರು, ಏನು ಮಾಡುತ್ತದೆ, ಬರೆದವರು, ವರ್ಷ, ಯಾವ ಮೆನುವಿನಲ್ಲಿ ಕಾಣಬೇಕು. ಬಳಸುವವರಿಂದ ಒಂದು ಸಂಖ್ಯೆ ಬೇಕು, ಒಂದು ಬಣ್ಣ ಬೇಕು, ಒಂದು ಫಾಂಟ್ ಬೇಕು ಎಂದು ಹೇಳಿದರೆ ಸಾಕು, ಎಳೆಯುವ ಪಟ್ಟಿ, ಬಣ್ಣದ ಗುಂಡಿ, ಫಾಂಟಿನ ಆಯ್ಕೆ ಇರುವ ಪೆಟ್ಟಿಗೆಯನ್ನು ಜಿಂಪ್ ತಾನೇ ಕಟ್ಟಿಕೊಡುತ್ತದೆ! ಫೈಲನ್ನು ಸ್ಕ್ರಿಪ್ಟ್ಸ್ ಫೋಲ್ಡರಿಗೆ ಹಾಕಿ ಜಿಂಪ್ ಮತ್ತೆ ತೆರೆದರೆ ಮೆನುವಿನಲ್ಲಿ ನಿಮ್ಮ ಸಾಲು, ಪ್ರೊಸೀಜರ್ ಬ್ರೌಸರಿನ ನೂರಾರು ಹೆಸರುಗಳ ನಡುವೆ ನಿಮ್ಮ ಹೆಸರು.

ಸ್ಕೀಮ್‌ನ ಆವರಣ ಚಿಹ್ನೆಗಳು ಹಿಡಿಸದವರಿಗೆ ಪೈಥಾನ್ ಇದೆ. 2025ರ ಮಾರ್ಚಿನಲ್ಲಿ ಬಂದ ಜಿಂಪ್ 3.0 ಪೈಥಾನ್ 3ನ್ನು ಮಾತಾಡುತ್ತದೆ. ಅದಕ್ಕೂ ಹಿಂದಿನ 2.10 ಬಳಸುತ್ತಿದ್ದದ್ದು ಪೈಥಾನ್ 2ನ್ನು, ಅದರ ಪೋಷಣೆಯೋ 2020ರ ಮೊದಲ ದಿನಕ್ಕೇ ನಿಂತುಹೋಗಿತ್ತು. ಹಾಗಾಗಿ ಒಂದು ಎಚ್ಚರಿಕೆ. ಎಲ್ಲಿಂದಲೋ ಸಿಕ್ಕಿದ ಹಳೆಯ ಸ್ಕ್ರಿಪ್ಟು 3.0ರಲ್ಲಿ ಓಡದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹೆಸರುಗಳು ಬದಲಾಗಿವೆ; ಒಂದೇ ಲೇಯರ್ ಆರಿಸಬಹುದಾಗಿದ್ದ ಕಾಲ ಹೋಗಿ ಹಲವನ್ನು ಒಟ್ಟಿಗೆ ಆರಿಸಬಹುದಾದ ಕಾಲ ಬಂದಿದ್ದರಿಂದ ಅದನ್ನು ಕೇಳುವ ಮಾತೂ ಬೇರೆಯಾಗಿದೆ. ಪೈಥಾನ್ ಪ್ಲಗ್-ಇನ್ ಆದರೆ ಫೈಲಿನ ಹೆಸರಿನದೇ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡಬೇಕು. ಯಾವ ಆವೃತ್ತಿಗೆ ಬರೆದದ್ದು ಎಂದು ಮೊದಲು ನೋಡಿ, ಆಮೇಲೆ ಓಡಿಸಿ.

ಮತ್ತು ಇಲ್ಲಿ, ಪೈಥಾನ್ 3ರ ಕನ್ಸೋಲಿನಲ್ಲಿ, ಕನ್ನಡದವರಿಗೆಂದೇ ಕಾದಿಟ್ಟಂಥ ಒಂದು ಬೆರಗಿದೆ. ಚಿತ್ರ = 413 ಎಂದು ಬರೆಯಿರಿ. ಹೌದು, ಚಿತ್ರ ಎಂದು ಕನ್ನಡದಲ್ಲೇ! ಎಂಟರ್ ಒತ್ತಿ. ತಕರಾರಿಲ್ಲ! ಮುಂದಿನ ಸಾಲಿನಲ್ಲಿ ಚಿತ್ರ * 4 ಎನ್ನಿ, 1652 ಎನ್ನುತ್ತದೆ. ಅಗಲ, ಎತ್ತರ, ಹಾಳೆ, ಸಾಲು, ಸಂದು, ಎಲ್ಲವೂ ಹೆಸರುಗಳಾಗಬಹುದು. ಯುನಿಕೋಡ್ ಅಕ್ಷರಗಳನ್ನು ಹೆಸರಿಗೆ ಬಳಸಲು ಪೈಥಾನ್ 3 ಬಿಡುತ್ತದೆ. ನಮ್ಮ ಒತ್ತಕ್ಷರ, ಗುಣಿತಾಕ್ಷರ ಎಲ್ಲ ಅದರಲ್ಲಿ ಸೇರಿವೆ. ಉದ್ಧರಣ ಚಿಹ್ನೆಯೊಳಗೆ ೩೫ ಎಂದು ಕನ್ನಡ ಅಂಕಿ ಬರೆದು ಅದನ್ನು ಪೂರ್ಣಾಂಕ ಮಾಡು ಎಂದರೆ 35 ಎಂದು ಸರಿಯಾಗಿ ಓದುತ್ತದೆ! ಒಂದು ಕಡೆ ಎಡವುತ್ತದೆ. ಫೈಲ್‌ಗಳು ಎಂಬಂಥ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಕೊಂಡಿಮುರಿಯುವ ಗುರುತು ಇದೆಯಲ್ಲ, ಅದನ್ನು ಹೆಸರಿನಲ್ಲಿ ಅದು ಒಪ್ಪುವುದಿಲ್ಲ. ಫೈಲುಗಳು ಎಂದು ಉಕಾರ ಸೇರಿಸಿ ಬರೆದರೆ ಆಯಿತು, ನಮ್ಮ ಹಿರಿಯರು ಹೇಗೂ ಹಾಗೇ ಬರೆಯುತ್ತಿದ್ದರು.

ಅಕ್ಷರಗಳ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಚಿತ್ರದ ಮೇಲೆ ಬರಹ ಮೂಡಿಸುವುದಕ್ಕೂ ಆ ಪಟ್ಟಿಯಲ್ಲಿ ಹೆಸರುಗಳಿವೆ, ಮತ್ತು ಜಿಂಪ್ ಅಕ್ಷರ ಜೋಡಿಸುವುದು ಪ್ಯಾಂಗೋ ಎಂಬ ವ್ಯವಸ್ಥೆಯ ಮೂಲಕ. ಯುನಿಕೋಡ್ ಫಾಂಟ್ ಒಂದಿದ್ದರೆ ಸಾಕು, ಉದಾಹರಣೆಗೆ ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ. ಸ್ತ್ರೀ, ರಾಷ್ಟ್ರ, ಕೃಷ್ಣ ಎಲ್ಲದರ ಒತ್ತುಗಳೂ ಸರಿಯಾದ ಜಾಗದಲ್ಲಿ ಬಂದು ಕೂರುತ್ತವೆ. ಈಗ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ವಾರ್ಷಿಕೋತ್ಸವ, ಇನ್ನೂರು ಮಕ್ಕಳಿಗೆ ಪ್ರಮಾಣಪತ್ರ. ಹೆಸರುಗಳನ್ನು ಸಾಲಿಗೊಂದರಂತೆ ಸಾದಾ ಫೈಲಿನಲ್ಲಿ ಬರೆದಿಡಿ. ಸ್ಕ್ರಿಪ್ಟು ಒಂದೊಂದೇ ಸಾಲು ಓದುತ್ತದೆ, ಪ್ರಮಾಣಪತ್ರದ ಚಿತ್ರ ತೆರೆಯುತ್ತದೆ, ಹೆಸರನ್ನು ಬರೆಯುತ್ತದೆ, ಬರೆದ ಹೆಸರು ಎಷ್ಟು ಅಗಲ ಬಂತೆಂದು ಅಳೆದು ನಟ್ಟನಡುವೆ ಕೂರಿಸುತ್ತದೆ, ಮಗುವಿನ ಹೆಸರಿನಲ್ಲೇ ಫೈಲು ಉಳಿಸುತ್ತದೆ, ಮುಂದಿನ ಸಾಲಿಗೆ ಹೋಗುತ್ತದೆ. ಉದ್ದ ಹೆಸರಾದರೆ ಅಕ್ಷರ ಸಣ್ಣದು ಮಾಡು ಎಂದೂ ಹೇಳಬಹುದು. ಮೇಷ್ಟ್ರು ಅಷ್ಟು ಹೊತ್ತಿಗೆ ಚಹಾ ಕುಡಿದು ಬರಬಹುದು!

ಇದನ್ನೆಲ್ಲ ಮಾಡುವಾಗ ಪರದೆಯ ಮೇಲೆ ಕಿಟಕಿ ಕೂಡ ಬೇಡ. ಟರ್ಮಿನಲ್‌ನಿಂದ ಜಿಂಪ್ ಓಡಿಸುವಾಗ ಐ ಎಂಬ ಅಕ್ಷರದ ಗುರುತು ಕೊಟ್ಟರೆ ಮುಖವನ್ನೇ ತೋರಿಸದೆ ಕೆಲಸಕ್ಕೆ ಕೂರುತ್ತದೆ, ಬಿ ಎಂಬ ಗುರುತಿನ ಮುಂದೆ ಏನು ಮಾಡಬೇಕೆಂದು ಬರೆದರೆ ಅದನ್ನು ಮಾಡಿ ಮುಗಿಸುತ್ತದೆ. ಬರೀ ಗಾತ್ರ ಇಳಿಸುವುದು, ತಿರುಗಿಸುವುದು, ಫೈಲಿನ ಬಗೆ ಬದಲಿಸುವುದು ಇಷ್ಟೇ ಬೇಕಿದ್ದರೆ ಜಿಂಪ್ ಕೂಡ ಹೆಚ್ಚೇ ಆಯಿತು. ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆಯತೊಡಗಿ 1990ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಇಮೇಜ್‌ಮ್ಯಾಜಿಕ್ ಇದೆ. ಫೋಲ್ಡರ್ ತುಂಬ ಚಿತ್ರಗಳಿದ್ದರೂ ಒಂದೇ ಸಾಲಿನ ಆಜ್ಞೆ ಸಾಕು. ಅದರ ಮೊಗ್ರಿಫೈ ಎಂಬ ಆಜ್ಞೆ ಮಾತ್ರ ಮಹಾ ಅವಸರದ್ದು, ಹೇಳದಿದ್ದರೆ ಮೂಲ ಫೈಲಿನ ಮೇಲೆಯೇ ಬರೆದುಬಿಡುತ್ತದೆ, ಅಲ್ಲಿ ಕಂಟ್ರೋಲ್ ಝಡ್ ಇಲ್ಲ. ಬೇರೆ ಫೋಲ್ಡರಿಗೆ ಬರೆ ಎಂದು ಪಾತ್ ಕೊಟ್ಟೇ ಓಡಿಸಬೇಕು.

ಹಾಗಾದರೆ ಎಲ್ಲಿಂದ ಶುರು? ದೊಡ್ಡ ಪುಸ್ತಕ ಬೇಡ, ತರಗತಿ ಬೇಡ. ಕಳೆದ ವಾರ ನೀವು ಫೋಟೊಗಳ ಮೇಲೆ ಮತ್ತೆ ಮತ್ತೆ ಮಾಡಿದ ಒಂದೇ ಒಂದು ಕೆಲಸವನ್ನು ನೆನಪಿಸಿಕೊಳ್ಳಿ. ಮೂಲೆಯಲ್ಲಿ ಹೆಸರು ಹಾಕಿದ್ದೋ, ಅಂಚಿಗೆ ಬಿಳಿ ಚೌಕಟ್ಟು ಎಳೆದದ್ದೋ, ವಾಟ್ಸ್ಆ್ಯಪ್‌ಗೆಂದು ಚಿಕ್ಕದು ಮಾಡಿದ್ದೋ. ಅದರ ಹೆಜ್ಜೆಗಳನ್ನು ಕನ್ನಡದಲ್ಲೇ ಒಂದರ ಕೆಳಗೊಂದು ಬರೆಯಿರಿ. ಪ್ರೊಸೀಜರ್ ಬ್ರೌಸರಿನಲ್ಲಿ ಪ್ರತಿ ಹೆಜ್ಜೆಯ ಹೆಸರು ಹುಡುಕಿ ಪಕ್ಕದಲ್ಲಿ ಬರೆದುಕೊಳ್ಳಿ. ಕನ್ಸೋಲಿನಲ್ಲಿ ಒಂದೊಂದನ್ನೇ ಓಡಿಸಿ ನೋಡಿ, ಎಲ್ಲವೂ ಸರಿಬಂದ ಮೇಲೆ ಒಟ್ಟು ಸೇರಿಸಿ ಫೈಲು ಮಾಡಿ. ಜಿಂಪ್‌ಗೆ ಕಾಸು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೂಲ ಫೋಟೊಗಳ ಒಂದು ಪ್ರತಿಯನ್ನು ಮಾತ್ರ ಬೇರೆ ಫೋಲ್ಡರಿನಲ್ಲಿ ಎತ್ತಿಟ್ಟು, ಈ ಭಾನುವಾರವೇ ಕೂತು ನೋಡಿ.